ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿದರೂ ಡಾಕ್ಟರ್ ಹಾಕಲಿಲ್ಲ, ಇದು ನಿರ್ಲಕ್ಷ್ಯ ಅಲ್ವಾ?

ನಿಮ್ಮ ತಮ್ಮನಿಗೆ ಡೆಂಗಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಕೌಂಟ್ 18 ಸಾವಿರ. ನೀವು ಪುತ್ತೂರಿನಿಂದ ರಕ್ತ ಕೊಡಲು ಎಂಟು ಹುಡುಗರನ್ನು ಕರ್ಕೊಂಡು ಮಳೆಯಲ್ಲೇ ಮಂಗಳೂರಿಗೆ ಬಂದಿರಿ. ಡಾಕ್ಟರ್ ‘ರಕ್ತಸ್ರಾವ ಇಲ್ಲ, ಈಗ ಬೇಡ’ ಅಂದುಬಿಟ್ಟರು. ತಮ್ಮ ಈಗ ಮನೆಗೆ ಬಂದು ಗಂಜಿ ಉಣ್ಣುತ್ತಿದ್ದಾನೆ, ನಿಮಗೆ ಮಾತ್ರ ಆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ.

ಇಲ್ಲ, ಅದು ನಿರ್ಲಕ್ಷ್ಯ ಅಲ್ಲ. ನಾನು ಮಂಗಳೂರಿನಲ್ಲಿ ರಕ್ತದಾನ ಮತ್ತು ರಕ್ತ ಹಾಕುವುದರ ಬಗ್ಗೆಯೇ ಸಂಶೋಧನೆ ಮಾಡುವವಳು. ರಿಜಿಸ್ಟರ್ ಬಿಡಿಸಿ ಕೂತು, ಯಾವ ಬ್ಯಾಗ್ ಯಾರಿಗೆ ಹೋಯಿತು, ಯಾಕೆ ಹೋಯಿತು, ಹಾಕಿದ ಮೇಲೆ ಏನಾಯಿತು ಅಂತ ಸಾಲು ಸಾಲಾಗಿ ನೋಡುವುದೇ ನನ್ನ ಕೆಲಸದ ದೊಡ್ಡ ಪಾಲು. ಮಳೆಗಾಲದ ಪುಟಗಳಲ್ಲಿ ‘ಡೆಂಗಿ’ ಮತ್ತೆ ಮತ್ತೆ ಸಿಗುತ್ತದೆ. ಕೌಂಟ್ ನೋಡಿ ಹೆದರಿಯೇ ಬ್ಯಾಗ್ ಕೇಳಿದ್ದು ಎಷ್ಟೋ ಕಡೆ ಕಾಣುತ್ತದೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ್ದು 18 ಸಾವಿರ ಅಂದರೆ ಯಾರಿಗಾದರೂ ಎದೆ ಒಡೆಯುತ್ತದೆ.

ಆದರೆ ಡೆಂಗಿಯಲ್ಲಿ ದೇಹ ತನ್ನ ಪ್ಲೇಟ್‌ಲೆಟ್‌ಗಳನ್ನು ತಾನೇ ನಾಶ ಮಾಡುತ್ತಿರುತ್ತದೆ. ಹೊರಗಿನಿಂದ ಹಾಕಿದ್ದಕ್ಕೂ ಅದೇ ಗತಿ. ಸಿಂಗಾಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ 372 ಜನ ಡೆಂಗಿ ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಎಲ್ಲರೂ ವಯಸ್ಕರು, ಕೌಂಟ್ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ, ಹೆಚ್ಚಿನ ರಕ್ತಸ್ರಾವ ಇಲ್ಲದವರು. ಅರ್ಧ ಜನರಿಗೆ ಪ್ಲೇಟ್‌ಲೆಟ್ ಹಾಕಿದರು, ಇನ್ನರ್ಧಕ್ಕೆ ಇಲ್ಲ. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಹಾಕಿದ್ದರಿಂದ ರಕ್ತಸ್ರಾವ ತಪ್ಪಿತು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಬದಲಿಗೆ ದದ್ದು, ತುರಿಕೆಯಂಥ ತೊಂದರೆಗಳು ಹಾಕಿಸಿಕೊಂಡವರಲ್ಲೇ ಜಾಸ್ತಿ ಆದವು. ಕೆಲವರಿಗೆ ಉಸಿರಾಟಕ್ಕೇ ಕಷ್ಟವಾಗುವ ಮಟ್ಟಕ್ಕೂ ಹೋಯಿತು. ನಮ್ಮ ದೇಶದಲ್ಲೂ ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಇಳಿದಾಗ ಮಾತ್ರ ಯೋಚಿಸುತ್ತಾರೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ಜ್ವರ ಇಳಿಯುವ ಹೊತ್ತಿಗೆ ರಕ್ತನಾಳಗಳಿಂದ ನೀರಿನಂಶ ಸೋರಲು ಶುರುವಾಗುತ್ತದೆ. ‘ಜ್ವರ ಬಿಟ್ಟಿತಲ್ಲ’ ಅಂತ ಮನೆಯವರು ಉಸಿರು ಬಿಡುವ ದಿನವೇ ಅದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು – ಇವುಗಳ ಮೇಲೆ ಕಣ್ಣಿಡಬೇಕು. ನಿಮ್ಮ ತಮ್ಮನ ರಿಪೋರ್ಟಿನಲ್ಲಿ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಅನ್ನುವುದು) ಅಂತ ಇನ್ನೊಂದು ಅಂಕಿ ಇದ್ದಿರಬಹುದು, ನೋಡಿ. ಡಾಕ್ಟರ್ ಡ್ರಿಪ್ಸ್‌ನ ವೇಗ ಏರಿಸಿ ಇಳಿಸಿ ಮಾಡುವಾಗ ಅದನ್ನೂ ನೋಡುತ್ತಾರೆ. (ಪಪ್ಪಾಯಿ ಎಲೆ ರಸದ ಬಗ್ಗೆಯೂ ಕೇಳಿದ್ದೀರಿ. ಕುಡಿಯದವರಿಗೂ ಕೌಂಟ್ ಏರುತ್ತದೆ. ವಾಂತಿ ಮಾಡುತ್ತಿರುವವರಿಗೆ ದಯವಿಟ್ಟು ಒತ್ತಾಯ ಮಾಡಬೇಡಿ.)

ಒಂದು ಪ್ಲೇಟ್‌ಲೆಟ್ ಬ್ಯಾಗನ್ನು ನಿಮಗೆ ತೋರಿಸಬೇಕಿತ್ತು. ಒಬ್ಬರ ರಕ್ತದಿಂದ ಸಿಗುವುದು ಅಂಗೈ ಮೇಲೆ ಹಿಡಿಯುವಷ್ಟೇ, ತಿಳಿ ಹಳದಿ ಬಣ್ಣ. ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ಹೊಗೆ ಸುಳಿದ ಹಾಗೆ ಒಂದು ಹೊಳಪು ಓಡಾಡುತ್ತದೆ. ಅದು ಕಂಡರೆ ಪ್ಲೇಟ್‌ಲೆಟ್ ಜೀವಂತ ಇದೆ ಅಂತ ಲೆಕ್ಕ. ಫ್ರಿಜ್‌ನಲ್ಲಿಟ್ಟರೆ ಆ ಹೊಳಪು ಹೋಗುತ್ತದೆ. ಹಾಗಾಗಿ 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲಿನಂತೆ ತೂಗುವ ಯಂತ್ರದ ಮೇಲೆ ಹಗಲೂ ರಾತ್ರಿ ಇಡುತ್ತೇವೆ. ಅಷ್ಟು ಮಾಡಿದರೂ ಆಯಸ್ಸು ಐದೇ ದಿನ. ಕೀಮೋ ತೆಗೆದುಕೊಳ್ಳುತ್ತಿರುವ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮಗುವಿಗೆ ಇದನ್ನು ಬಿಟ್ಟರೆ ಗತಿಯಿಲ್ಲ, ಅದರ ಮೂಳೆಮಜ್ಜೆ ಸದ್ಯಕ್ಕೆ ಹೊಸ ಪ್ಲೇಟ್‌ಲೆಟ್ ಮಾಡುವುದಿಲ್ಲ. ನಿಮ್ಮ ತಮ್ಮನ ಮಜ್ಜೆ ಎರಡು ಮೂರು ದಿನದಲ್ಲಿ ತಾನೇ ಎದ್ದು ನಿಂತಿತು. ಬೇಡವಾದ ಕಡೆ ಒಂದು ಬ್ಯಾಗ್ ಹೋದ ಸಾಲು ಕಂಡಾಗಲೆಲ್ಲ ನನಗೆ ಕ್ಯಾನ್ಸರ್ ವಾರ್ಡಿನ ಆ ಮಕ್ಕಳೇ ನೆನಪಾಗುತ್ತಾರೆ.

ಇನ್ನು ಆ ಎಂಟು ಹುಡುಗರು. ಅವರನ್ನು ದಯವಿಟ್ಟು ಬಿಡಬೇಡಿ. ಇಲ್ಲಿ ರಕ್ತದಾನಿಗಳಲ್ಲಿ ಕಾಲೇಜು ಹುಡುಗರು ತುಂಬಾ. ಪರೀಕ್ಷೆ, ರಜೆ ಬಂದರೆ ನಮಗೆ ರಕ್ತಕ್ಕೆ ಪರದಾಟ. ಎಂಟೂ ಜನ ಒಂದೇ ದಿನ ಬರುವ ಬದಲು ವಾರಕ್ಕೊಬ್ಬರಂತೆ ಬರಲಿ. ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಇದ್ದರೆ ಸಾಕು. ಒಮ್ಮೆ ಕೊಟ್ಟ ಗಂಡಸರು 90 ದಿನ ಬಿಟ್ಟು ಮತ್ತೆ ಕೊಡಬಹುದು. ನಿಮ್ಮ ತಮ್ಮ ಮಾತ್ರ ಆರು ತಿಂಗಳು ಕಾಯಬೇಕು.