ಗಡ್‌ಬಡ್‌ಗೆ ಹಾಕುವ ಹಣ್ಣು ಫ್ರೀಜರಿಗೆ ಹೋಗಬಾರದು

ಅಕ್ಕಾ, ನಿಮ್ಮ ಪ್ರಶ್ನೆ ಈಗ ನೋಡಿದೆ. ಭಾನುವಾರ ಮಗನ ಹುಟ್ಟುಹಬ್ಬ, ಹನ್ನೆರಡು ಮಕ್ಕಳಿಗೆ ಮನೆಯಲ್ಲೇ, ಲೋಟದಲ್ಲಿ ಜೆಲ್ಲಿ, ಹಣ್ಣು, ಐಸ್‌ಕ್ರೀಮ್ ಪದರ ಪದರವಾಗಿ ತುಂಬಿ ಕೊಡುವ ಗಡ್‌ಬಡ್ ಮಾಡಬೇಕು. ಹೋದ ಸಲ ಮಾಡಿದಾಗ ಹಣ್ಣೆಲ್ಲ ಕಲ್ಲಾಯಿತು, ಅನಾನಸ್ ಸೇರಿಸಿದ ಐಸ್‌ಕ್ರೀಮ್ ಕಹಿಯಾಯಿತು, ಜೆಲಟಿನ್ ಹಾಕಿದ ಅನಾನಸ್ ಜೆಲ್ಲಿ ರಾತ್ರಿಯಿಡೀ ಇಟ್ಟರೂ ನೀರಾಗೇ ಉಳಿಯಿತು ಅಂತ ಬರೆದಿದ್ದೀರಿ. ಕೆಳಗೆ ಕೆಲವರು ಫ್ರಿಜ್ ಬದಲಾಯಿಸಿ ಅಂದಿದ್ದಾರೆ. ಸುಮ್ನೆ ದುಡ್ಡು ದಂಡ. ನಿಮ್ಮ ಫ್ರಿಜ್ ಸರಿಯಾಗೇ ಇದೆ. ಹಣ್ಣು ಹೋಗಬಾರದ ಜಾಗಕ್ಕೆ ಹೋಗಿದೆ, ಅಷ್ಟೇ.

ನಾನೂ ಇದೇ ತಪ್ಪು ಮಾಡಿದವನೇ. ಅಕ್ಕನ ಮಗಳ ನಾಮಕರಣಕ್ಕೆ ಐಸ್‌ಕ್ರೀಮಿನ ಜವಾಬ್ದಾರಿ ನನ್ನದು ಅಂತ ಎದೆ ತಟ್ಟಿ ಹೇಳಿದ್ದೆ. ಸೇಬು, ಚಿಕ್ಕು, ದ್ರಾಕ್ಷಿ, ಬಚ್ಚಂಗಾಯಿ ಎಲ್ಲ ಹೆಚ್ಚಿ ಐಸ್‌ಕ್ರೀಮಿಗೇ ಕಲಸಿ ಫ್ರೀಜರಿನಲ್ಲಿಟ್ಟೆ. ಮಾರನೇ ದಿನ ಚಿಕ್ಕಪ್ಪ ಒಂದು ಚಮಚ ಬಾಯಿಗಿಟ್ಟು, "ಏನೋ ಇದು, ಐಸ್‌ಕ್ರೀಮಾ ಜಲ್ಲಿಕಲ್ಲಾ?" ಅಂದರು. ಅವರದು ಕಟ್ಟಿಸಿದ ಹಲ್ಲು ಬೇರೆ. ಇವತ್ತಿಗೂ ಯಾರ ಮನೆಯ ಊಟದಲ್ಲಿ ಐಸ್‌ಕ್ರೀಮ್ ಬಂದರೂ ನನ್ನ ಕಡೆ ನೋಡಿಯೇ ಚಮಚ ಎತ್ತುತ್ತಾರೆ.

ಆಗುವುದು ಇಷ್ಟೇ. ಹಣ್ಣಿನಲ್ಲಿ ಬಹುಪಾಲು ನೀರು. ಐಸ್‌ಕ್ರೀಮಿನಲ್ಲಿ ಸಕ್ಕರೆ, ಕೊಬ್ಬು, ಗಾಳಿ ಎಲ್ಲ ಇರುವುದರಿಂದ ಅದು ಗಟ್ಟಿಯಾದರೂ ಚಮಚಕ್ಕೆ ಬಗ್ಗುತ್ತದೆ. ಹಸಿ ಹಣ್ಣಿನ ತುಂಡು ಹಾಗಲ್ಲ, ನೇರ ಮಂಜುಗಡ್ಡೆ. ಕರಗಿದ ಮೇಲಾದರೂ ಸರಿಹೋಗುತ್ತದಾ ಅಂದರೆ ಅದೂ ಇಲ್ಲ. ಒಳಗಿನ ನೀರು ಹೆಪ್ಪುಗಟ್ಟುವಾಗ ಹಣ್ಣಿನ ತಿರುಳನ್ನೇ ಸೀಳಿರುತ್ತದೆ, ಕರಗಿದಾಗ ಮೆತ್ತಗೆ ಪಿಚಿಪಿಚಿ. ಹಾಗಾಗಿ ಗಡ್‌ಬಡ್‌ನಲ್ಲಿ ಹಣ್ಣು ಮತ್ತು ಐಸ್‌ಕ್ರೀಮ್ ಮೊದಲ ಸಲ ಮುಖ ನೋಡುವುದು ಲೋಟದಲ್ಲೇ ಆಗಬೇಕು. ಅಲ್ಲಿಯವರೆಗೆ ಹಣ್ಣು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ಐಸ್‌ಕ್ರೀಮ್ ಮೇಲೆ.

ಹೆಸರೇ ಹೇಳುವ ಹಾಗೆ ಇದು ಗಡಿಬಿಡಿಯಲ್ಲಿ ಜೋಡಿಸುವ ತಿಂಡಿ. ಮೊದಲು ಮಾಡಿದ್ದು ಯಾರು ಅಂತ ಕೇಳಿದರೆ ಉಡುಪಿಯವರು ಡಯಾನಾ ಹೋಟೆಲ್ ಕಡೆ ಕೈ ತೋರಿಸುತ್ತಾರೆ, ಮಂಗಳೂರಿನವರು 1975ರಲ್ಲಿ ಶುರುವಾದ ಐಡಿಯಲ್ ಹೆಸರು ತೆಗೆಯುತ್ತಾರೆ. ನಾನು ಉಡುಪಿ ಕಡೆಯವನು, ನನ್ನ ಸಾಕ್ಷಿ ನಂಬಬೇಡಿ. ಆದರೆ ಎರಡೂ ಊರಿನಲ್ಲಿ ನೋಡಿ, ಆರ್ಡರ್ ಕೊಟ್ಟ ಮೇಲೇ ಲೋಟ ತುಂಬುತ್ತಾರೆ. ತುಂಬಿಸಿ ಫ್ರೀಜರಿನಲ್ಲಿ ಸಾಲಾಗಿ ಇಟ್ಟಿರುವುದಿಲ್ಲ.

ಹಾಗಾದರೆ ಹಣ್ಣಿನ ಐಸ್‌ಕ್ರೀಮ್ ಮಾರುವವರು ಏನು ಮಾಡುತ್ತಾರೆ ಅಂತ ಕೇಳಬಹುದು. ಮುಂಬೈಯ ನ್ಯಾಚುರಲ್ಸ್ ಇದೆಯಲ್ಲ, ಅದನ್ನು 1984ರಲ್ಲಿ ಜುಹುವಿನಲ್ಲಿ ಶುರು ಮಾಡಿದ ರಘುನಂದನ ಕಾಮತ್ ನಮ್ಮ ಮೂಲ್ಕಿ ಕಡೆಯವರು, ಹಣ್ಣು ಮಾರುವವರ ಮಗ. ಹಣ್ಣಿನ ತಿರುಳೇ ಐಸ್‌ಕ್ರೀಮ್ ಆಗುವುದು ಬೇರೆ ಲೆಕ್ಕ, ಹಸಿ ತುಂಡು ಸೇರಿಸುವುದು ಬೇರೆ ಲೆಕ್ಕ. ನಿಮಗೂ ಐಸ್‌ಕ್ರೀಮಿಗೇ ಹಣ್ಣು ಸೇರಿಸುವ ಆಸೆ ಇದ್ದರೆ ಮಾವು ಅಥವಾ ಹಲಸಿನ ಹಣ್ಣನ್ನು ರುಬ್ಬಿ, ಸಕ್ಕರೆ ಹಾಕಿ, ಜಾಮಿಗೆ ಒಂದು ಹದ ಕಡಿಮೆ ಎನ್ನುವಷ್ಟು ಕಾಯಿಸಿ, ಪೂರ್ತಿ ಆರಿಸಿ ಸೇರಿಸಿ. ನೀರು ಇಂಗಿ ಸಕ್ಕರೆ ಸೇರಿದ್ದರೆ ಕಲ್ಲಾಗುವುದಿಲ್ಲ.

ಈಗ ಅನಾನಸ್ ವಿಷಯ. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಅದು ಪ್ರೋಟೀನನ್ನು ಕತ್ತರಿಸುತ್ತದೆ. ಜಾಸ್ತಿ ತಿಂದರೆ ನಾಲಿಗೆ ಉರಿಯುವುದಕ್ಕೂ ಅದರದ್ದೇ ಕೈ ಇದೆ. ಹಾಲಿನ ಪ್ರೋಟೀನನ್ನು ಕತ್ತರಿಸಿದಾಗ ಕಹಿ ಬರುತ್ತದೆ. ಜೆಲಟಿನ್ ಕೂಡ ಪ್ರೋಟೀನೇ, ಹಾಗಾಗಿ ನಿಮ್ಮ ಜೆಲ್ಲಿ ಗಟ್ಟಿಯಾಗಲಿಲ್ಲ. ಎರಡು ದೂರು, ಕಳ್ಳ ಒಬ್ಬನೇ. ಕಿವಿ ಹಣ್ಣು, ಪಪ್ಪಾಯಿಗಳದ್ದೂ ಸ್ವಲ್ಪ ಇದೇ ಬುದ್ಧಿ. ಉಪಾಯ ಸುಲಭ. ಅನಾನಸನ್ನು ಸಣ್ಣಗೆ ಹೆಚ್ಚಿ, ಎರಡು ಚಮಚ ಸಕ್ಕರೆ ಹಾಕಿ ಐದಾರು ನಿಮಿಷ ಚೆನ್ನಾಗಿ ಕುದಿಸಿ. ಬಿಸಿಗೆ ಆ ಕಿಣ್ವ ಸಾಯುತ್ತದೆ. ಘಮ ಹೋಗುವುದಿಲ್ಲ, ನನ್ನ ಕೇಳಿದರೆ ಐಸ್‌ಕ್ರೀಮಿನ ಜೊತೆಗೆ ಬೇಯಿಸಿದ ಅನಾನಸೇ ಹೆಚ್ಚು ರುಚಿ. ನೀವು ಶಿರಸಿಯಲ್ಲಿದ್ದೀರಿ ಅಂದಿರಿ. ಬನವಾಸಿ ಕಡೆಯ ಅನಾನಸ್ ಕೈಗೆ ಸಿಗುವ ಊರಲ್ಲಿ ಡಬ್ಬಿಯದ್ದು ತರಬೇಡಿ ಮಾರಾಯ್ರೇ.

ಜೆಲ್ಲಿಗೆ ಜೆಲಟಿನ್ ಬಿಟ್ಟು ಚೈನಾ ಗ್ರಾಸ್ ತನ್ನಿ. ಇನ್ನೊಂದು ಕಾರಣವೂ ಇದೆ. ಜೆಲಟಿನ್ ಮಾಡುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಬರುವ ಮಕ್ಕಳಲ್ಲಿ ಸಸ್ಯಾಹಾರಿಗಳ ಮನೆಯವರಿದ್ದರೆ ಹೇಳದೆ ಕೊಡುವುದು ಸರಿಯಲ್ಲ, ಅಲ್ವಾ? ಚೈನಾ ಗ್ರಾಸ್ ಕಡಲಪಾಚಿಯದ್ದು. ಅದರಲ್ಲಿ ಬ್ರೊಮೆಲೈನ್ ಕತ್ತರಿಸುವಂಥ ಪ್ರೋಟೀನ್ ಇಲ್ಲ. 5 ಗ್ರಾಂ ಎಳೆಗಳನ್ನು ಕಾಲು ಗಂಟೆ ನೆನೆಸಿ, ಅರ್ಧ ಲೀಟರ್ ನೀರಿನಲ್ಲಿ ಒಂದು ಎಳೆಯೂ ಕಾಣದ ಹಾಗೆ ಕುದಿಸಿ. ಸಕ್ಕರೆ, ಬಣ್ಣ ಬೇಕಿದ್ದರೆ ಆಗಲೇ ಹಾಕಿ. ನಿಂಬೆರಸವನ್ನು ಮಾತ್ರ ಒಲೆ ಆರಿಸಿದ ಮೇಲೆ. ಹುಳಿ ಜೊತೆ ಕುದಿಸಿದರೆ ಹಿಡಿತ ಸಡಿಲವಾಗುತ್ತದೆ. ತಟ್ಟೆಗೆ ಸುರಿದರೆ ಹೊರಗೇ ಗಟ್ಟಿಯಾಗುತ್ತದೆ, ಆರಿದ ಮೇಲೆ ಚೌಕ ಕತ್ತರಿಸಿ. ಸೆಕೆಯಲ್ಲಿ ಮಕ್ಕಳು ಆಡುತ್ತಾ ತಿಂದರೂ ಕರಗಿ ನೀರಾಗುವುದಿಲ್ಲ.

ಹಣ್ಣಿಗೆ ಬರೋಣ, ಗಡ್‌ಬಡ್‌ನ ಜೀವ ಇರುವುದು ಇಲ್ಲೇ. ಹನ್ನೆರಡು ಲೋಟಕ್ಕೆ ಹೆಚ್ಚಿದ ಹಣ್ಣು ಮುಕ್ಕಾಲು ಕೆಜಿ ದಾಟಿ ಸ್ವಲ್ಪ ಬೇಕು. ಸಿಪ್ಪೆ ಬೀಜ ಕಳೆದು ಅಷ್ಟು ಸಿಗಬೇಕಾದರೆ ಒಂದೂಕಾಲು ಕೆಜಿ ತನ್ನಿ. ದಾಳಿಂಬೆ ಇರಲೇಬೇಕು, ಕಚ್ಚಿದಾಗ ಚಟ್ಟನೆ ಒಡೆಯುವುದು ಅದೊಂದೇ. ಸೇಬನ್ನು ಕಡಲೆ ಗಾತ್ರಕ್ಕೆ ಹೆಚ್ಚಿ ನಿಂಬೆರಸ ಹಿಂಡಿದ ನೀರಿಗೆ ಹಾಕಿ ತೆಗೆಯಿರಿ, ಕಪ್ಪಾಗುವುದಿಲ್ಲ. ಮಾವಿನ ಕಾಲವಾದರೆ ತುಂಡಿಗೆ ಬಾದಾಮಿ ಮಾವು, ರಸಕ್ಕೆ ರಸಪುರಿ. ಚಿಕ್ಕು ಪೂರ್ತಿ ಹಣ್ಣಾಗಿರಬೇಕು, ಒಗರು ಉಳಿದ ಒಂದು ಚಿಕ್ಕು ಸಾಕು ಇಡೀ ಲೋಟ ಕೆಡಿಸಲಿಕ್ಕೆ. ಏಲಕ್ಕಿ ಬಾಳೆಯನ್ನು ಲೋಟ ತುಂಬುವ ಹೊತ್ತಿಗೇ ಹೆಚ್ಚಿ. ಬೀಜ ಇರುವ ನೀಲಿ ದ್ರಾಕ್ಷಿ ಬೇಡ, ಸಿಪ್ಪೆ ಬಾಯಲ್ಲಿ ಉಳಿಯುತ್ತದೆ. ಬಚ್ಚಂಗಾಯಿ, ನಿಮ್ಮ ಭಾಷೆಯಲ್ಲಿ ಕಲ್ಲಂಗಡಿ, ಬೇಡವೇ ಬೇಡ. ಲೋಟದ ತಳದಲ್ಲಿ ಕೆರೆ ಆಗುತ್ತದೆ.

ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಬಾಳೆ ಬಿಟ್ಟು ಉಳಿದ ಹಣ್ಣಿಗೆ ಒಂದು ಬಟ್ಟಲಿಗೆ ಒಂದು ಚಮಚದ ಲೆಕ್ಕದಲ್ಲಿ ಸಕ್ಕರೆ, ನಾಲ್ಕು ಹನಿ ನಿಂಬೆರಸ, ಚಿಟಿಕೆ ಉಪ್ಪು ಹಾಕಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಮ್ಮಿ ಹತ್ತುತ್ತದೆ. ಹಾಗೇ ತಿಂದರೆ ಸಿಹಿಯಾಗಿದ್ದ ಸೇಬು ಐಸ್‌ಕ್ರೀಮ್ ಪಕ್ಕದಲ್ಲಿ ಸಪ್ಪೆ ಎನಿಸುವುದು ಅದಕ್ಕೇ. ಆ ಅರ್ಧ ಗಂಟೆಯಲ್ಲಿ ಹಣ್ಣು ರಸ ಬಿಡುತ್ತದೆ. ರಸವನ್ನು ಚೆಲ್ಲಬೇಡಿ, ಲೋಟಕ್ಕೂ ಸುರಿಯಬೇಡಿ. ಸೋಸಿ, ಇನ್ನೆರಡು ಚಮಚ ಸಕ್ಕರೆ ಹಾಕಿ ಅಂಟಂಟಾಗುವ ತನಕ ಕುದಿಸಿ ಆರಿಸಿದರೆ ಅದೇ ನಿಮ್ಮ ಸಿರಪ್. ಅಂಗಡಿಯ ಕೆಂಪು ಸಿರಪ್ಪಿಗೆ ಬಣ್ಣ ಜೋರಿರಬಹುದು, ಈ ರುಚಿ ಬರುವುದಿಲ್ಲ. ಸೋಸಿದ ಹಣ್ಣು ಲೋಟಕ್ಕೆ ಹೋದರೆ ಐಸ್‌ಕ್ರೀಮ್ ಬೇಗ ನೀರಾಗುವುದೂ ತಪ್ಪುತ್ತದೆ.

ಐಸ್‌ಕ್ರೀಮ್ ಹೊರಗಿನಿಂದ ತಂದರೂ ಅವಮಾನವೇನಿಲ್ಲ. ಡಬ್ಬಿಯ ಮೇಲೆ ಐಸ್‌ಕ್ರೀಮ್ ಅಂತ ಇದೆಯಾ, ಫ್ರೋಜನ್ ಡೆಸರ್ಟ್ ಅಂತ ಇದೆಯಾ ನೋಡಿ ತನ್ನಿ. ನಮ್ಮ ದೇಶದ ನಿಯಮದ ಪ್ರಕಾರ ಬರೀ ಐಸ್‌ಕ್ರೀಮ್ ಅಂತ ಹಾಕಬೇಕಾದರೆ ಕನಿಷ್ಠ 10 ಶೇಕಡಾ ಹಾಲಿನ ಕೊಬ್ಬು ಇರಬೇಕು. ಇನ್ನೊಂದರಲ್ಲಿ ಇರುವುದು ಸಾಮಾನ್ಯವಾಗಿ ಎಣ್ಣೆಯ ಕೊಬ್ಬು.

ಮನೆಯಲ್ಲೇ ಮಾಡುತ್ತೇನೆ ಅಂದರೆ ಅರ್ಧ ಲೀಟರ್ ವಿಪ್ಪಿಂಗ್ ಕ್ರೀಮ್, ಸುಮಾರು 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ತನ್ನಿ. ಕ್ರೀಮ್, ಪಾತ್ರೆ, ಬೀಟರಿನ ಕಡ್ಡಿ ಮೂರೂ ತಣ್ಣಗಿರಲಿ. ಎತ್ತಿದರೆ ಮೆತ್ತಗಿನ ಗುಡ್ಡೆ ನಿಲ್ಲುವ ತನಕ ಬೀಟ್ ಮಾಡಿ, ಕಂಡೆನ್ಸ್ಡ್ ಮಿಲ್ಕನ್ನು ಗಾಳಿ ಹೋಗದ ಹಾಗೆ ಮೆಲ್ಲಗೆ ಬೆರೆಸಿ. ವೆನಿಲ್ಲಾ ಒಂದು ಚಮಚ. ಅಂಗಡಿಯ ಸಿಹಿ ಸೇರಿಸಿದ ಕ್ರೀಮ್ ಆದರೆ ಕಂಡೆನ್ಸ್ಡ್ ಮಿಲ್ಕ್ ಅರ್ಧ ಸಾಕು. ಮೇಲ್ಮೈಗೆ ತಾಗುವ ಹಾಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಿ, ರಾತ್ರಿಯಿಡೀ ಇಡಿ. ಸಣ್ಣ ಪೆಟ್ಟಿಗೆಯಲ್ಲಿ ಬರುವ ಫ್ರೆಶ್ ಕ್ರೀಮ್ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಕೊಬ್ಬು 25 ಶೇಕಡಾ ಅಷ್ಟೇ, ಎಷ್ಟು ಬೀಟ್ ಮಾಡಿದರೂ ಗುಡ್ಡೆ ನಿಲ್ಲದು. ಮಾಡಿಟ್ಟ ಮೇಲೆ ಕರೆಂಟ್ ಹೋದರೆ ಫ್ರೀಜರ್ ಬಾಗಿಲು ತೆಗೆದು ತೆಗೆದು ನೋಡಬೇಡಿ. ಅರ್ಧ ಕರಗಿ ಮತ್ತೆ ಗಟ್ಟಿಯಾದರೆ ಮರಳು ಮರಳು ಐಸ್ ಬರುವುದು ಖಂಡಿತ.

ಗೋಡಂಬಿಯನ್ನು ತುಪ್ಪದಲ್ಲಿ ಹುರಿಯಬೇಡಿ. ಪಾಯಸದ ಅಭ್ಯಾಸಕ್ಕೆ ಕೈ ಅಲ್ಲಿಗೇ ಹೋಗುತ್ತದೆ. ತಣ್ಣಗಾದಾಗ ತುಪ್ಪ ಹೆಪ್ಪುಗಟ್ಟಿ ಬಾಯಿಗೆ ಮೇಣದ ಹಾಗೆ ಅಂಟುತ್ತದೆ. ಬರೀ ಬಾಣಲೆಯಲ್ಲಿ ಕೆಂಪಗೆ ಹುರಿದರೆ ಸಾಕು.

ಭಾನುವಾರ ಕೇಕ್ ಕತ್ತರಿಸುವ ಹೊತ್ತಿಗೆ ಐಸ್‌ಕ್ರೀಮನ್ನು ಫ್ರೀಜರಿನಿಂದ ಕೆಳಗಿನ ಅಂಕಣಕ್ಕೆ ಇಳಿಸಿ, ಹತ್ತು ನಿಮಿಷಕ್ಕೆ ತೆಗೆಯುವ ಹದ ಬರುತ್ತದೆ. ಲೋಟಗಳೂ ಮೊದಲೇ ಫ್ರಿಜ್ಜಿನಲ್ಲಿರಲಿ. ತಳಕ್ಕೆ ಜೆಲ್ಲಿ ಎರಡು ಚಮಚ, ಮೇಲೆ ಹಣ್ಣು, ಒಂದು ಉಂಡೆ ಐಸ್‌ಕ್ರೀಮ್, ಸಿರಪ್, ಗೋಡಂಬಿ. ಮತ್ತೆ ಹಣ್ಣು, ಇನ್ನೊಂದು ಉಂಡೆ, ಟುಟ್ಟಿ ಫ್ರುಟ್ಟಿ. ಹೋಟೆಲಿನಲ್ಲಿ ಮೂರು ಬಗೆಯ ಐಸ್‌ಕ್ರೀಮ್ ಹಾಕುತ್ತಾರೆ, ಮಕ್ಕಳಿಗೆ ಎರಡು ಸಣ್ಣ ಉಂಡೆಯೇ ಜಾಸ್ತಿ. ಒಬ್ಬರು ಹಣ್ಣು, ಒಬ್ಬರು ಐಸ್‌ಕ್ರೀಮ್ ಅಂತ ಇಬ್ಬರು ನಿಂತರೆ ನಾಲ್ಕು ನಾಲ್ಕು ಲೋಟ ತುಂಬಿಸಿ ಕಳಿಸಬಹುದು. ಹನ್ನೆರಡನ್ನೂ ಒಟ್ಟಿಗೆ ತುಂಬಲು ಹೋದರೆ ಕೊನೆಯದು ತುಂಬುವಾಗ ಮೊದಲನೆಯದು ಮಿಲ್ಕ್‌ಶೇಕ್ ಆಗಿರುತ್ತದೆ.

ಮತ್ತೆ, ಮನೆಯಲ್ಲಿ ಉದ್ದ ಹಿಡಿಯ ಚಮಚ ಹನ್ನೆರಡು ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಉದ್ದ ಲೋಟದ ಆಸೆ ಬಿಟ್ಟು ಗಿಡ್ಡ ಲೋಟದಲ್ಲೇ ಕೊಡಿ. ನಾಮಕರಣದ ದಿನ ಚಮಚ ತಳ ಮುಟ್ಟದೆ ನನ್ನ ಜೆಲ್ಲಿ ಎಲ್ಲ ಹಾಗೇ ತೊಳೆಯುವ ಕಲ್ಲಿಗೆ ಹೋಯಿತು.