ಅಮ್ಮನ ಜೊತೆ ಶ್ರೀಲಂಕಾ: ಪೊಲೊನ್ನರುವ ಬಿಡಬೇಡಿ

ಆಗಸ್ಟ್‌ನಲ್ಲಿ ಆರು ದಿನ, ಮಂಡಿನೋವಿರುವ ಅಮ್ಮನ ಜೊತೆ ಶ್ರೀಲಂಕಾ, ಯಾವುದನ್ನು ಬಿಡಲೇಬಾರದು ಎಂದು ಕೇಳಿದ್ದೀರಿ. ನನ್ನ ಕೇಳಿದರೆ ಹಳೆಯ ರಾಜಧಾನಿ ಪೊಲೊನ್ನರುವ.

ಎಲ್ಲರೂ ಮೊದಲು ಹೇಳುವುದು ಸಿಗಿರಿಯಾ. 5ನೇ ಶತಮಾನದ ಕಾಶ್ಯಪ ರಾಜನ ಬಂಡೆಕೋಟೆ, ಅದ್ಭುತವೇ. ಆದರೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ನೀವು ಬೆಳಿಗ್ಗೆ ಬೇಗ ಹತ್ತಿ ಬನ್ನಿ, ಅಮ್ಮ ಕೆಳಗಿನ ಕೊಳ, ಉದ್ಯಾನ ನೋಡುತ್ತಿರಲಿ.

ಪೊಲೊನ್ನರುವ ಬಹುಪಾಲು ಸಮತಟ್ಟು, ಪಾಳುಕಟ್ಟಡಗಳ ಒಂದೊಂದು ಗುಂಪಿನ ಹತ್ತಿರಕ್ಕೂ ವಾಹನ ಹೋಗುತ್ತದೆ. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಾಲ್ಕು ಮೂರ್ತಿಗಳಿವೆ. ಮಲಗಿದ ಬುದ್ಧ ಸುಮಾರು 14 ಮೀಟರ್ ಉದ್ದ. ತಲೆಯ ಭಾರಕ್ಕೆ ದಿಂಬು ಸ್ವಲ್ಪ ತಗ್ಗಿರುವುದನ್ನೂ ಶಿಲ್ಪಿ ಬಿಟ್ಟಿಲ್ಲ, ಅಮ್ಮನಿಗೆ ತಪ್ಪದೆ ತೋರಿಸಿ. 11ನೇ ಶತಮಾನದಲ್ಲಿ ಪೊಲೊನ್ನರುವ ಚೋಳರ ಕೈಲಿತ್ತು. ಅವರ ಶಿವಾಲಯ ಇನ್ನೂ ನಿಂತಿದೆ, ನಮ್ಮ ಕಣ್ಣಿಗೆ ತಕ್ಷಣ ಪರಿಚಿತ ಅನ್ನಿಸುತ್ತದೆ. ಸಂಜೆ ಪರಾಕ್ರಮಬಾಹು ರಾಜ ಕಟ್ಟಿಸಿದ ಪರಾಕ್ರಮ ಸಮುದ್ರ ಎಂಬ ದೊಡ್ಡ ಕೆರೆಯ ಏರಿ ಮೇಲೆ ಕೂತುಬಿಡಿ.

ಹತ್ತಿರದಲ್ಲೇ ಮಿನ್ನೇರಿಯಾ ರಾಷ್ಟ್ರೀಯ ಉದ್ಯಾನ. ಆಗಸ್ಟ್‌ನಲ್ಲಿ ಕೆರೆ ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಸೇರುತ್ತವೆ. ಜೀಪಿನಲ್ಲೇ ಕೂತು ನೋಡಬಹುದು.

ಕ್ಯಾಂಡಿಯ ಎಸಲ ಪೆರಹೆರ ಮೆರವಣಿಗೆಯ ದಿನಾಂಕ ಈಗಲೇ ನೋಡಿಕೊಳ್ಳಿ, ಆಗ ರೂಮು ಸಿಗುವುದು ಕಷ್ಟ. ಬೆಟ್ಟದ ಮೇಲಿನ ಹುಲ್ಲುಗಾವಲು ಹಾರ್ಟನ್ ಪ್ಲೇನ್ಸ್ ಈ ಸಲ ಬಿಡಿ, ನಡಿಗೆ ಜಾಸ್ತಿ.

ವಿಹಾರಗಳಲ್ಲಿ ಚಪ್ಪಲಿ ಬಿಡಬೇಕು, ಮಧ್ಯಾಹ್ನ ಕಲ್ಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ, ಅಲ್ಲಿಯವರಿಗೆ ನೋವಾಗುತ್ತದೆ.