ಮೇನ್‌ಶೀಟಿಗೆ 4:1 ಸಾಕಾ, 6:1 ಬೇಕಾ?

ಪ್ರಶ್ನೆ: ನನ್ನದು 22 ಅಡಿಯ ಹಾಯಿದೋಣಿ. ದೊಡ್ಡ ಹಾಯಿಯನ್ನು ಎಳೆಯುವ ಹಗ್ಗ, ಅಂದರೆ ಮೇನ್‌ಶೀಟ್, ಬೂಮ್‌ನ (ಆ ಹಾಯಿಯ ಬುಡದ ಅಡ್ಡಕೋಲಿನ) ನಡುಮಧ್ಯಕ್ಕೆ ಕಟ್ಟಿದೆ, ರಾಟೆ ಜೋಡಣೆ 4:1, ಅಂದರೆ ಲೆಕ್ಕದಲ್ಲಿ ಕೈಯ ಬಲ ನಾಲ್ಕು ಪಟ್ಟಾಗುತ್ತದೆ. ಗಾಳಿ ಜೋರಾದರೆ ಹಾಯಿಯನ್ನು ಒಳಗೆ ಎಳೆಯೋಕೆ ಕೈ ಸೋಲುತ್ತದೆ. 6:1 ಮಾಡಿಸಿಬಿಡಲಾ?

ಉತ್ತರ: ಸ್ವಲ್ಪ ತಡೆಯಿರಿ. 6:1 ಹಾಕಿದರೆ ಎಳೆಯೋದು ಹಗುರವಾಗುತ್ತದೆ, ನಿಜ. ಆದರೆ ಮೇಲಿನ ರಾಟೆ, ಕೆಳಗಿನ ರಾಟೆ ಒಂದು ಮೀಟರ್ ಹತ್ತಿರ ಬರಬೇಕಾದರೆ ಈಗ 4 ಮೀಟರ್ ಹಗ್ಗ ಎಳೆಯುತ್ತಿದ್ದೀರಿ, ಆಮೇಲೆ 6 ಮೀಟರ್. ಜೈಬ್ ಮಾಡುವಾಗ (ಹಿಂದಿನಿಂದ ಗಾಳಿ ಬರುತ್ತಿರುವಾಗ ಹಾಯಿಯನ್ನು ಒಂದು ಪಕ್ಕದಿಂದ ಇನ್ನೊಂದಕ್ಕೆ ತಿರುಗಿಸುವಾಗ) ಅಷ್ಟೂ ಹಗ್ಗ ಕಾಲ ಬುಡದಲ್ಲಿ ರಾಶಿ ಬೀಳುತ್ತದೆ. ಗಾಳಿ ತೀರಾ ಕಡಿಮೆ ಇದ್ದಾಗಂತೂ ಹಗ್ಗ ಬಿಟ್ಟರೂ ಬೂಮ್ ತಾನಾಗಿ ಹೊರಗೆ ಹೋಗುವುದಿಲ್ಲ, ಅಷ್ಟೊಂದು ಗಾಲಿಗಳ ಘರ್ಷಣೆ ಅದನ್ನು ಹಿಡಿದಿಟ್ಟಿರುತ್ತದೆ.

ಒಂದೊಂದು ಗಾಲಿ ಬಲದ ಹತ್ತರಲ್ಲಿ ಒಂದು ಪಾಲು ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಆಗ 4:1 ಅನ್ನುವುದು ಕೆಲಸಕ್ಕೆ ಬರುವಾಗ ಸುಮಾರು 3:1, 6:1 ಅನ್ನುವುದು ಸುಮಾರು 4.2:1. ಎರಡು ಗಾಲಿ ಜಾಸ್ತಿ ಹಾಕಿ ಸಿಕ್ಕಿದ್ದು ಇಷ್ಟೇ ಅಲ್ವಾ? ಹಾಗಾಗಿ ಮೊದಲು ಈಗಿರುವ ರಾಟೆಗಳನ್ನೇ ನೋಡಿ. ಗಾಲಿಯ ಅಂಚಿಗೆ ಪೆನ್ನಿನಲ್ಲಿ ಒಂದು ಗೆರೆ ಎಳೆದು, ಭಾರ ಬಿದ್ದಾಗ ಹಗ್ಗ ಎಳೆಯಿರಿ. ಗೆರೆ ನಿಂತಲ್ಲೇ ಇದ್ದರೆ ಗಾಲಿ ತಿರುಗುತ್ತಿಲ್ಲ, ಹಗ್ಗ ಅದರ ಮೇಲೆ ಸುಮ್ನೆ ಜಾರುತ್ತಿದೆ. ಆಗ ಒಳ್ಳೆಯ ಬಾಲ್ ಬೇರಿಂಗ್ ರಾಟೆಗಳಿಗೆ ದುಡ್ಡು ಹಾಕಿ. ಹಗ್ಗ ದಪ್ಪವಾಗಿ ರಾಟೆಯ ಪಕ್ಕೆಗೆ ಉಜ್ಜುತ್ತಿದ್ದರೆ ಅದನ್ನೂ ಬದಲಿಸಿ, ಆದರೆ ತೀರಾ ಸಣ್ಣದು ಬೇಡ, ಅಂಗೈ ಕೊಯ್ಯುತ್ತದೆ.

ನಿಮ್ಮ ಕಷ್ಟದ ಮೂಲ ಹಗ್ಗ ಕಟ್ಟಿರುವ ಜಾಗ. ಬೂಮ್‌ನ ತುದಿಯಲ್ಲಿ ಎಳೆದರೆ ಎಷ್ಟು ಬಲ ಬೇಕೋ, ನಡುವಿನಲ್ಲಿ ಅದರ ಎರಡರಷ್ಟು ಬೇಕು. ತುದಿಗೆ ಒಯ್ಯಲು ಅನುಕೂಲ ಇದ್ದರೆ ಈಗಿನ 4:1 ಧಾರಾಳವಾಗಿ ಸಾಕು.

ಅದು ಆಗದಿದ್ದರೆ ನಾನು ಹೇಳುವುದು ಎರಡು ಹಂತದ ಜೋಡಣೆ. 4:1 ಹಾಗೇ ಇರಲಿ. ಈಗ ಗಂಟು ಹಾಕಿ ಬಿಟ್ಟಿರುವ ಹಗ್ಗದ ಇನ್ನೊಂದು ತುದಿಗೆ ಚಿಕ್ಕದೊಂದು 4:1 ರಾಟೆ ಕಟ್ಟಿ, ಅದಕ್ಕೆ ಅದರದೇ ಕ್ಲೀಟ್ (ಎಳೆದ ಹಗ್ಗ ಜಾರದಂತೆ ಹಿಡಿದಿಡುವ ಹಿಡಿಕೆ) ಕೊಡಿ. ದೊಡ್ಡದರಲ್ಲಿ ಬೇಗ ಬೇಗ ಎಳೆದುಕೊಂಡು, ಕೊನೆಯ ಬಿಗಿ ಮಾತ್ರ ಚಿಕ್ಕದರಲ್ಲಿ ಎಳೆಯಿರಿ, ಆಗ ಲೆಕ್ಕದಲ್ಲಿ 16:1 ಸಿಗುತ್ತದೆ. ಚಿಕ್ಕ ರಾಟೆ 60 ಸೆಂ.ಮೀ. ಓಡಿದರೆ ದೊಡ್ಡದು 15 ಸೆಂ.ಮೀ. ಬಿಗಿಯುತ್ತದೆ, ಗಾಳಿಯಲ್ಲಿ ಬೇಕಾಗುವುದು ಅಷ್ಟೇ. ಹೊರಡುವ ಮುಂಚೆ ಚಿಕ್ಕದನ್ನು ಪೂರ್ತಿ ಸಡಿಲ ಬಿಟ್ಟಿರಿ, ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಎಳೆಯೋಕೆ ಅದರಲ್ಲಿ ಜಾಗವೇ ಉಳಿದಿರುವುದಿಲ್ಲ.